ಬಣ್ಣ ಬಳಿದಾಯಿತು, ಮುಂದಿನ ಭಾನುವಾರ ಯಾರು ಬರ್ತಾರೆ?

ನಮ್ಮ ಬೀದಿಯ ತಿರುವಿನಲ್ಲಿದ್ದ ಕಸದ ಗುಡ್ಡೆ ತೆಗೆದು ನಾಲ್ಕು ಹೂಗಿಡ ನೆಟ್ಟ ಕಥೆಯನ್ನು ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದಕ್ಕೆ ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪ, ಕುಶಾಲನಗರ, ಹೀಗೆ ಎಲ್ಲಾ ಕಡೆಯಿಂದ ಬಂದಿವೆ. ಕೆಲವಕ್ಕೆ ಇಲ್ಲಿ, ಆಯಾ ಪತ್ರದ ಕೆಳಗೇ, ಉತ್ತರ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಇಂಜಿನಿಯರ್ ಅಲ್ಲ, ವಕೀಲಳೂ ಅಲ್ಲ. ಭಾನುವಾರ ಬೆಳಿಗ್ಗೆ ಪೊರಕೆ, ಹಾರೆ ಹಿಡಿದು ಹೋಗುವ ಹತ್ತು ಜನರಲ್ಲಿ ಒಬ್ಬಳು. ತಪ್ಪು ಮಾಡಿ ಕಲಿತದ್ದೇ ಜಾಸ್ತಿ.

ಅಕ್ಕಾ, ನಾವು ವಿರಾಜಪೇಟೆ ಕಡೆಯ ಎಂಟು ಜನ ಹುಡುಗರು. ನಮ್ಮಲ್ಲಿ ಒಂದು ಹಳೇ ಬಸ್ ತಂಗುದಾಣ ಇದೆ. ಗೋಡೆ ತುಂಬಾ ಪೋಸ್ಟರ್, ಮೂಲೆಯಲ್ಲಿ ಎಲೆ ಅಡಿಕೆ ಉಗುಳಿದ ಕಲೆ, ಹಿಂದುಗಡೆ ಬರೀ ಬಾಟಲಿ. ಬರುವ ಭಾನುವಾರವೇ ಬಣ್ಣ ಹೊಡೆದು ಚಿತ್ರ ಬರೆಸಬೇಕು ಅಂತಿದ್ದೇವೆ. ಎಲ್ಲಿಂದ ಶುರು ಮಾಡೋದು?

ಬರುವ ಭಾನುವಾರ ಬಣ್ಣ ಬೇಡ. ಅವತ್ತು ಸುಮ್ನೆ ಹೋಗಿ ಅಲ್ಲಿ ಕೂತ್ಕೊಳ್ಳಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಕತ್ತಲಾದ ಮೇಲೆ ಒಂದು ಗಂಟೆ. ಯಾರು ಉಗುಳುತ್ತಾರೆ, ಯಾವ ಮೂಲೆಗೆ ಉಗುಳುತ್ತಾರೆ, ಬಾಟಲಿ ಎಷ್ಟು ಹೊತ್ತಿಗೆ ಬಂದು ಬೀಳುತ್ತದೆ, ಅಲ್ಲಿ ಲೈಟ್ ಇದೆಯಾ ಇಲ್ವಾ ನೋಡಿ. ಲೈಟ್ ಕೆಟ್ಟು ಕತ್ತಲಾಗಿರುವುದರಿಂದಲೇ ಸಂಜೆ ಕುಡಿಯುವವರು ಅಲ್ಲಿ ಸೇರುತ್ತಿದ್ದರೆ, ನೀವು ಎಷ್ಟು ಚಂದದ ಹುಲಿ, ಕಾಫಿ ಹೂವು ಬರೆಸಿದರೂ ಹದಿನೈದು ದಿನಕ್ಕೆ ಆ ಹುಲಿಯ ಕಾಲಡಿ ಬಾಟಲಿ ಇರುತ್ತದೆ. ಒಂದು ಬಲ್ಬ್ ಹಾಕಿಸಿದರೆ ಅರ್ಧ ಕೆಲಸ ಮುಗಿಯುತ್ತದೆ.

ನಮ್ಮ ಬೀದಿಯಲ್ಲಿ ಇದನ್ನು ನಾವು ತಡವಾಗಿ ಕಂಡುಕೊಂಡೆವು. ಮೂರು ಸಲ ಗುಡ್ಡೆ ತೆಗೆದೆವು, ಮೂರು ಸಲವೂ ಮತ್ತೆ ಬಂತು. ಜನಕ್ಕೆ ಬುದ್ಧಿ ಇಲ್ಲ ಅಂತ ಬೈದುಕೊಂಡೆವು. ಆಮೇಲೆ ನೋಡಿದರೆ, ಕಸದ ಗಾಡಿ ಬರುವ ಹೊತ್ತಿಗೆ ಆ ಕಡೆಯ ನಾಲ್ಕೈದು ಮನೆಯವರು ಕೆಲಸಕ್ಕೆ ಹೊರಟುಹೋಗಿರುತ್ತಿದ್ದರು. ಮನೆಯಲ್ಲಿ ಇಟ್ಟುಕೊಂಡರೆ ವಾಸನೆ, ನಾಯಿ ಕಾಟ. ಹೋಗುವಾಗ ತಿರುವಿನಲ್ಲಿ ಕವರ್ ಇಟ್ಟು ಹೋಗುತ್ತಿದ್ದರು. ಪಕ್ಕದ ಮನೆಯ ಅಜ್ಜಿಯೊಬ್ಬರು ಅವರ ಬಕೆಟ್‌ಗಳನ್ನು ತಮ್ಮ ಗೇಟಿನ ಒಳಗೆ ಇಟ್ಟುಕೊಂಡು ಗಾಡಿಗೆ ಕೊಡಲು ಒಪ್ಪಿದರು. ಅಷ್ಟೇ. ಆಮೇಲೆ ನೆಟ್ಟ ಗಿಡಗಳೇ ಉಳಿದದ್ದು.

ಎರಡನೇ ಕೆಲಸ, ತಂಗುದಾಣ ಯಾರದ್ದು ಅಂತ ತಿಳಿದುಕೊಳ್ಳಿ. ಪುರಸಭೆಯದ್ದಾ, ಗ್ರಾಮ ಪಂಚಾಯಿತಿಯದ್ದಾ, ಲೋಕೋಪಯೋಗಿ ಇಲಾಖೆಯ ರಸ್ತೆ ಪಕ್ಕದ್ದಾ, ಯಾರಾದರೂ ದಾನಿಗಳು ಕಟ್ಟಿಸಿದ್ದಾ? ಒಂದು ಪುಟದ ಅರ್ಜಿ ಬರೆದು ಕೊಡಿ, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡು ಬನ್ನಿ. ಇದರಲ್ಲಿ ಇನ್ನೊಂದು ವಿಷಯ ಇದೆ. ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಅನುಮತಿ ಇಲ್ಲದೆ ಜಾಹೀರಾತು ಅಂಟಿಸಬಾರದು, ಬರೆಯಬಾರದು ಅಂತ ಕರ್ನಾಟಕದಲ್ಲಿ 1981ರ ಒಂದು ಕಾನೂನು ಇದೆ. ಆರು ತಿಂಗಳವರೆಗೆ ಜೈಲು, ಇಲ್ಲವೇ 1000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಪೋಸ್ಟರ್ ಅಂಟಿಸುವವರಿಗೆ ಇದನ್ನು ತೋರಿಸಬಹುದು, ಸರಿ. ಆದರೆ ಬಣ್ಣ ಕೊಡಿಸಿದ ಅಂಗಡಿಯ ಹೆಸರನ್ನು ನೀವು ಗೋಡೆ ತುಂಬಾ ಬರೆದರೆ ಅದೂ ಜಾಹೀರಾತೇ, ನೆನಪಿರಲಿ.

ಮೂರನೆಯದಾಗಿ, ಚಿತ್ರಕ್ಕೆ ಅವಸರ ಬೇಡ. ಬೆಂಗಳೂರಿನಲ್ಲಿ 2010ರಲ್ಲಿ ‘ದಿ ಅಗ್ಲಿ ಇಂಡಿಯನ್’ ಅಂತ ಒಂದು ಗುಂಪು ಶುರುವಾಯಿತಲ್ಲ, ಅವರು ಯಾರು ಅಂತ ಹೆಸರನ್ನೇ ಹೇಳಿಕೊಳ್ಳುವುದಿಲ್ಲ. ‘ಕಾಮ್ ಚಾಲೂ, ಮುಂಹ್ ಬಂದ್’, ಅಂದರೆ ಕೆಲಸ ಶುರು, ಬಾಯಿ ಬಂದ್, ಅನ್ನುವುದು ಅವರ ಮಾತು. ಭಾಷಣ ಇಲ್ಲ, ಬ್ಯಾನರ್ ಇಲ್ಲ. ಒಂದು ಸಣ್ಣ ಕೊಳಕು ಜಾಗ ಹಿಡಿದು ಅದನ್ನೇ ಸರಿ ಮಾಡುವುದು, ಅದು ಸರಿಯಾಗಿ ಉಳಿಯುತ್ತದಾ ಅಂತ ನೋಡುವುದು. ಅವರಿಂದ ನಾನು ಕಲಿತದ್ದು ಜಾಗವನ್ನು ಚಿಕ್ಕದಾಗಿ ಆರಿಸಿಕೊಳ್ಳುವುದನ್ನು. ಎಂಟು ಜನಕ್ಕೆ ಒಂದು ತಂಗುದಾಣ ಸಾಕು. ಅದು ನೀವು ದಿನಾ ಓಡಾಡುವ ದಾರಿಯಲ್ಲೇ ಇರಲಿ.

ಮತ್ತೆ ಕೆಳಗಿನ ಎರಡಡಿಗೆ ಬಿಳಿ, ಹಳದಿ ಬಳಿಯಲೇಬೇಡಿ. ಕೆಮ್ಮಣ್ಣಿನ ಬಣ್ಣ ಬಳಿಯಿರಿ. ಮಳೆಗಾಲದಲ್ಲಿ ನಮ್ಮ ಮಣ್ಣು ಸಿಡಿದದ್ದೂ ಕಾಣುವುದಿಲ್ಲ, ಹಳೇ ಕಲೆಯೂ ಕಾಣುವುದಿಲ್ಲ. ಹಳೇ ಮನೆಗಳ ಗೋಡೆ ಬುಡಕ್ಕೆ ಕೆಂಪು ಪಟ್ಟಿ ಬಳಿಯುತ್ತಿದ್ದವರಿಗೆ ಇದೆಲ್ಲ ಗೊತ್ತಿತ್ತು ಅಲ್ವಾ?

ಮಡಿಕೇರಿಯಲ್ಲಿ ನಮ್ಮ ಸಂಘದವರು ಕಳೆದ ನವೆಂಬರಿನಲ್ಲಿ ರಸ್ತೆ ಬದಿಯ ತಡೆಗೋಡೆಗೆ ಬಣ್ಣ ಹೊಡೆದು ಹುತ್ತರಿ ಕೋಲಾಟದ ಚಿತ್ರ ಬರೆಸಿದೆವು. ಆಗಸ್ಟ್ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಎದ್ದು ಬಂತು. ಅಂಗಡಿಯವನು ಮೋಸ ಮಾಡಿದನಾ, ನಾವೇ ತಪ್ಪು ಮಾಡಿದೆವಾ?

ನೀವೇ. ಬೇಜಾರಾಗಬೇಡಿ, ನಾವೂ ಇದನ್ನೇ ಮಾಡಿದ್ದೆವು.

ತಡೆಗೋಡೆ ಅಂದರೆ ಹಿಂದೆ ಬರೆಯ (ಕಡಿದಾದ ದಿಬ್ಬದ) ಮಣ್ಣು ಇರುವ ಗೋಡೆ. ಆ ಮಣ್ಣು ಜೂನಿನಿಂದ ಸೆಪ್ಟೆಂಬರಿನವರೆಗೆ ಕುಡಿದ ನೀರನ್ನು ತಿಂಗಳುಗಟ್ಟಲೆ ಬಿಡುತ್ತಾ ಇರುತ್ತದೆ. ನವೆಂಬರಿನಲ್ಲಿ ಮುಂದಿನಿಂದ ಮುಟ್ಟಿದರೆ ಒಣಗಿದೆ ಅನ್ನಿಸುತ್ತದೆ, ಆದರೆ ಒಳಗೆ ಹಸಿಯೇ. ನೀವು ಮೇಲೆ ಪ್ಲಾಸ್ಟಿಕ್ಕಿನಂಥ ಬಣ್ಣದ ಪದರ ಹಾಕಿ ಅದರ ದಾರಿ ಮುಚ್ಚಿದಿರಿ. ನೀರು ಹೊರಗೆ ಬರಲೇಬೇಕು, ಬಣ್ಣವನ್ನು ತಳ್ಳಿಕೊಂಡೇ ಬರುತ್ತದೆ. ಜೊತೆಗೆ ಸಿಮೆಂಟಿನ ಉಪ್ಪನ್ನೂ ತರುತ್ತದೆ. ಸಿಪ್ಪೆ ಎದ್ದ ಕಡೆ ಬಿಳಿ ಪುಡಿ ಕಂಡಿರಬೇಕಲ್ಲ, ಅದೇ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತು ಕೇಳಬೇಕು. ಆ ಗೋಡೆಯಲ್ಲಿ ನೀರು ಹೋಗಲು ಅಲ್ಲಲ್ಲಿ ಪೈಪು ಬಿಟ್ಟಿರುತ್ತಾರೆ. ಚಿತ್ರ ಬರೆಯುವವರಿಗೆ ಆ ತೂತುಗಳು ಕಣ್ಣಿಗೆ ಚುಚ್ಚುತ್ತವೆ, ಸಿಮೆಂಟ್ ಮೆತ್ತಿ ಸಮ ಮಾಡಿಬಿಡೋಣ ಅಂತಾರೆ. ನಮ್ಮ ಜೊತೆಗಿದ್ದ ಒಬ್ಬರು ಬಾಂಡ್ಲಿಯಲ್ಲಿ ಸಿಮೆಂಟ್ ಕಲಸಿಯೂ ಆಗಿತ್ತು. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಮೇಸ್ತ್ರಿ ನಿಂತು, “ಏನ್ರೀ, ಗೋಡೆ ಬೀಳಿಸ್ತೀರಾ?” ಅಂತ ಬೈದ ಮೇಲೆ ನಮಗೆ ಬುದ್ಧಿ ಬಂತು. 2018ರ ಆಗಸ್ಟಿನ ಭೂಕುಸಿತ ನೋಡಿದ ಜಿಲ್ಲೆ ನಮ್ಮದು. ನೀರಿಗೆ ದಾರಿ ಇಲ್ಲದಿದ್ದರೆ ಬರೆ ಏನು ಮಾಡುತ್ತದೆ ಅಂತ ಇಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಆ ಪೈಪುಗಳನ್ನು ಮುಚ್ಚಬೇಡಿ, ತುಂಬಿದ ಮಣ್ಣನ್ನು ಕೋಲು ಹಾಕಿ ತೆಗೆಯಿರಿ. ಬೇಕಾದರೆ ಅದನ್ನೇ ಮೀನಿನ ಬಾಯಿ ಮಾಡಿ ಚಿತ್ರ ಬರೆಸಿ, ಮಳೆಯಲ್ಲಿ ಮೀನು ನೀರು ಉಗುಳಲಿ.

ಹಾಗಾದರೆ ಯಾವಾಗ ಬಣ್ಣ? ಫೆಬ್ರವರಿ ಕೊನೆ, ಮಾರ್ಚ್. ಕಾಫಿ ಕೊಯ್ಲು ಮುಗಿಯುತ್ತಾ ಬಂದಿರುತ್ತದೆ, ಜನ ಸಿಗುತ್ತಾರೆ. ಡಿಸೆಂಬರ್, ಜನವರಿಯಲ್ಲಿ ಶ್ರಮದಾನ ಅಂತ ಕರೆದರೆ ತೋಟದ ಕೆಲಸ ಬಿಟ್ಟು ಯಾರು ಬರ್ತಾರೆ? ಮೊದಲು ಪಾಚಿಗೆ ಬ್ಲೀಚಿಂಗ್ ಪೌಡರ್ ನೀರು ಹಾಕಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆದು ಎರಡು ವಾರ ಬಿಸಿಲಿಗೆ ಬಿಡಿ. ಕೈಗೆ ಗ್ಲೌಸ್ ಹಾಕಿಕೊಳ್ಳಿ. ತಡೆಗೋಡೆಗೆ ನನ್ನ ಸಲಹೆ ಸುಣ್ಣ. ಸುಣ್ಣ ನೀರಾವಿಯನ್ನು ಹೊರಗೆ ಬಿಡುತ್ತದೆ, ಸಿಪ್ಪೆ ಏಳುವುದಿಲ್ಲ, ಅಗ್ಗ. ವರ್ಷಕ್ಕೊಮ್ಮೆ ಬಳಿಯಬೇಕು, ನಿಜ. ಮನೆಗೆ ಹಬ್ಬಕ್ಕೆ ಬಳಿಯುತ್ತಿರಲಿಲ್ವಾ ನಾವು? ಚಿತ್ರ ಬೇಕೇ ಬೇಕು ಅಂದರೆ ಹಿಂದೆ ಮಣ್ಣಿಲ್ಲದ ಗೋಡೆ ಹುಡುಕಿ, ಶಾಲೆಯ ಕಾಂಪೌಂಡಿನಂಥದ್ದು.

ನಮ್ಮ ಮನೆ ಪಕ್ಕದ ಸೈಟ್‌ನ ಯಜಮಾನರು ಬೆಂಗಳೂರಿನಲ್ಲಿದ್ದಾರೆ. ಹತ್ತು ವರ್ಷದಿಂದ ಈ ಕಡೆ ತಲೆ ಹಾಕಿಲ್ಲ. ಲಂಟಾನ ಆಳೆತ್ತರ ಬೆಳೆದಿದೆ, ಒಳಗೆ ಬಿದ್ದ ಮನೆಯೊಂದು ಇದೆ, ಹಾವು ಬರುತ್ತದೆ, ರಾತ್ರಿ ಯಾರೋ ಕಸ ತಂದು ಎಸೆಯುತ್ತಾರೆ. ನಾವು ಬೀದಿಯವರೇ ಸೇರಿ ಕಾಡು ಕಡಿದು ಹೂದೋಟ ಮಾಡಬಹುದಾ? (ಸೋಮವಾರಪೇಟೆಯ ಗೃಹಿಣಿ)

ಮನಸ್ಸು ಒಳ್ಳೆಯದು. ಆದರೆ ಕೇಳದೆ ಒಳಗೆ ಹೋಗಬೇಡಿ. ನಿಮ್ಮ ಕತ್ತಿ ಬೇಲಿ ದಾಟಿದ ದಿನವೇ ಆ ಯಜಮಾನರಿಗೆ ಊರಿನ ನೆನಪು ಬರುತ್ತದೆ!

ಮೊದಲು ಜಾಗ ನಿಜಕ್ಕೂ ಯಾರದ್ದು ಅಂತ ನೋಡಬೇಕು. ನಮ್ಮ ಜಿಲ್ಲೆಯಲ್ಲಿ ಇದು ಸುಲಭ ಅಲ್ಲ. ಪೈಸಾರಿ ಆಗಿದ್ದರೆ ಸರ್ಕಾರದ್ದು. ಜಮ್ಮಾ, ಅಂದರೆ ತಲೆತಲಾಂತರದಿಂದ ಕುಟುಂಬಕ್ಕೆ ಬಂದ ಜಾಗ ಆಗಿದ್ದರೆ ದಾಖಲೆಯಲ್ಲಿ ಯಾವತ್ತೋ ತೀರಿಹೋದ ಪಟ್ಟೆದಾರರ (ಕುಟುಂಬದ ಹಿರಿಯರ) ಹೆಸರು ಇರಬಹುದು, ಹಕ್ಕು ಇಡೀ ಒಕ್ಕದವರಿಗೆ, ಅಂದರೆ ಆ ಮನೆತನದವರಿಗೆಲ್ಲ. ಆಗ ಬೆಂಗಳೂರಿನ ಒಬ್ಬರು ಫೋನಿನಲ್ಲಿ “ಮಾಡಿಕೊಳ್ಳಿ” ಅಂದರೆ ಸಾಲದು, ಊರಲ್ಲಿರುವ ಅವರ ದೊಡ್ಡಪ್ಪನ ಮಗ ಬಂದು ಜಗಳ ತೆಗೆಯಬಹುದು. ಪಾಳುಬಿದ್ದ ಎಷ್ಟೋ ಮನೆಗಳು ಹಾಗೇ ಬಿದ್ದಿರುವುದು ಯಾರಿಗೂ ಬೇಡ ಅಂತ ಅಲ್ಲ, ತುಂಬಾ ಜನಕ್ಕೆ ಬೇಕು ಅಂತ.

ಸಿಕ್ಕಿದ ಹಕ್ಕುದಾರರಿಂದ ಒಂದು ಚೀಟಿ ಬರೆಸಿಕೊಳ್ಳಿ. ಕಾಡು ಕಡಿದು ಹೂಗಿಡ ನೆಡುತ್ತೇವೆ, ಜಾಗದ ಮೇಲೆ ನಮಗೆ ಯಾವ ಹಕ್ಕೂ ಇಲ್ಲ, ನೀವು ಕೇಳಿದಾಗ ಬಿಟ್ಟುಕೊಡುತ್ತೇವೆ, ಅಷ್ಟಿದ್ದರೆ ಸಾಕು. ಅವರಿಗೂ ಧೈರ್ಯ ಬರುತ್ತದೆ. ಎಷ್ಟೋ ಜನ ಬೇಡ ಅನ್ನುವುದು ಒತ್ತುವರಿ ಆಗಿಬಿಡುತ್ತದೆ ಅನ್ನುವ ಭಯದಿಂದ. ಅವರು ಸಿಗಲೇ ಇಲ್ಲ ಅಂದರೆ ಪಟ್ಟಣ ಪಂಚಾಯಿತಿಗೆ ಬೀದಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಡಿ, ಮಾಲೀಕರಿಗೆ ನೋಟಿಸ್ ಹೋಗಲಿ.

ನ್ಯೂಯಾರ್ಕಿನಲ್ಲಿ 1973ರಲ್ಲಿ ಲಿಜ್ ಕ್ರಿಸ್ಟಿ ಅನ್ನುವ ಹೆಂಗಸು ಮತ್ತು ಸಂಗಡಿಗರು ಹೀಗೇ ಒಂದು ಖಾಲಿ ಜಾಗಕ್ಕೆ ನುಗ್ಗಿ ತೋಟ ಮಾಡಿದರು. ಆ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಮರುವರ್ಷ ಅವರು ತಿಂಗಳಿಗೆ ಒಂದು ಡಾಲರ್ ಬಾಡಿಗೆಗೆ ಆ ಜಾಗವನ್ನು ನಗರದಿಂದ ಅಧಿಕೃತವಾಗಿ ಪಡೆದರು ಅನ್ನುವುದನ್ನು ಹೇಳುವವರು ಕಡಿಮೆ. ತೋಟ ಇವತ್ತಿಗೂ ಇದೆ.

ಇನ್ನೊಂದು ಊರು, ಅಮೆರಿಕದ ಫಿಲಡೆಲ್ಫಿಯಾ. ಅಲ್ಲಿ 541 ಪಾಳು ಸೈಟ್‌ಗಳನ್ನು ಮೂರು ಗುಂಪು ಮಾಡಿದರು. ಕೆಲವಕ್ಕೆ ಕಸ ತೆಗೆದು, ಹುಲ್ಲು ಬೆಳೆಸಿ, ನಾಲ್ಕು ಗಿಡ ನೆಟ್ಟು, ಗಿಡ್ಡ ಮರದ ಬೇಲಿ ಹಾಕಿದರು. ಕೆಲವಕ್ಕೆ ಬರೀ ಕಸ ತೆಗೆದು ಹುಲ್ಲು ಕತ್ತರಿಸಿದರು. ಉಳಿದವನ್ನು ಹಾಗೇ ಬಿಟ್ಟರು. 2018ರಲ್ಲಿ ಬಂದ ಫಲಿತಾಂಶದಲ್ಲಿ, ಬಡವರ ಬಡಾವಣೆಗಳಲ್ಲಿ ಹೀಗೆ ಸರಿ ಮಾಡಿದ ಜಾಗಗಳ ಸುತ್ತ ಬಂದೂಕಿನ ಹಿಂಸೆ ಶೇ 29ರಷ್ಟು ಇಳಿದಿತ್ತು. ಸೋಮವಾರಪೇಟೆಗೆ ಆ ಲೆಕ್ಕ ಬೇಡ ಬಿಡಿ. ನನಗೆ ಹಿಡಿಸಿದ್ದು ಆ ಗಿಡ್ಡ ಬೇಲಿ. ಒಳಗೆ ಕಾಲಿಡಬಹುದು, ಆದರೆ ಯಾರೋ ನೋಡಿಕೊಳ್ಳುತ್ತಿದ್ದಾರೆ ಅಂತ ಕಾಣುತ್ತದೆ. ನಮ್ಮಲ್ಲಿ ನಾಲ್ಕು ಹಾಲುವಾಣದ ಗೂಟ ನೆಟ್ಟರೂ ಅದೇ ಕೆಲಸ ಮಾಡುತ್ತದೆ, ಮಳೆಗೆ ಚಿಗುರಿಕೊಳ್ಳುತ್ತದೆ ಬೇರೆ.

ಒಪ್ಪಿಗೆ ಸಿಕ್ಕಿದ ಮೇಲೂ ಜುಲೈ, ಆಗಸ್ಟಿನ ಕಕ್ಕಡದ ಮಳೆಯಲ್ಲಿ ಲಂಟಾನಕ್ಕೆ ಕೈ ಹಾಕಬೇಡಿ. ಇಳಿಜಾರಾದರೆ ಬೇರು ಕೀಳಲೇಬೇಡಿ, ಮೇಲಿನದ್ದು ಕಡಿದು ಲಾವಂಚ ನೆಡಿ, ಅದರ ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ. ಗಮ್ ಬೂಟ್, ಉದ್ದ ಕೋಲು ಇಲ್ಲದೆ ಒಳಗೆ ಹೋಗಬೇಡಿ. ಜಿಗಣೆ ಬಗ್ಗೆ ಕೊಡಗಿನವರಿಗೆ ಹೇಳುವುದೇನು. ಬಿದ್ದ ಮನೆಯ ಗೋಡೆಯ ಹತ್ತಿರ ಮಾತ್ರ ಯಾರೂ ಹೋಗುವುದು ಬೇಡ.

ನಾನು ಗೋಣಿಕೊಪ್ಪದಲ್ಲಿ ಪದವಿ ಓದುತ್ತಿದ್ದೇನೆ. ನಮ್ಮ ಕಾಲೇಜಿನ ತಂಡ ರಸ್ತೆ ಬದಿಯಲ್ಲಿ ಗಿಡ ನೆಡಬೇಕೆಂದಿದೆ. ಯಾವ ಗಿಡ ನೆಟ್ಟರೆ ಚೆನ್ನ ಮೇಡಂ?

ದಾಸವಾಳ, ಕೇಪಳ, ಕ್ರೋಟನ್. ಗೆಲ್ಲು ಕಡಿದು ಚುಚ್ಚಿದರೆ ಬರುವಂಥವು. ದುಡ್ಡು ಕೊಟ್ಟು ನರ್ಸರಿಯಿಂದ ತರುವುದಕ್ಕಿಂತ ನಾಲ್ಕು ಮನೆಯ ಅಂಗಳದಲ್ಲಿ ಕೇಳಿ. ಗೆಲ್ಲು ಕೊಟ್ಟ ಮನೆಯವರು ಆ ಗಿಡವನ್ನು ಹೋಗುತ್ತಾ ಬರುತ್ತಾ ನೋಡುತ್ತಾರೆ, ಅದೇ ಲಾಭ. ಜೂನ್ ಮೊದಲ ಮಳೆ ಬಿದ್ದ ಮೇಲೆ ನೆಡಿ. ಜೂನ್ 5ರ ಪರಿಸರ ದಿನದಂದು ಫೋಟೋ ತೆಗೆಸಿಕೊಳ್ಳಲಿಕ್ಕೆ ಅಂತ ಮಳೆ ಬಾರದೆ ನೆಟ್ಟರೆ ಅರ್ಧ ಸಾಯುತ್ತದೆ.

ಬೇಡದ್ದೂ ಹೇಳುತ್ತೇನೆ. ಕಣಗಿಲೆ ವಿಷ, ಬೀದಿ ದನ ಓಡಾಡುವ ಕಡೆ ಬೇಡ. ಸಿಲ್ವರ್ ಓಕ್ ಗಾಳಿಗೆ ಕೊಂಬೆ ಮುರಿಯುತ್ತದೆ, ಜನ ನಿಲ್ಲುವ ಕಡೆ ಬೇಡ. ಹಲಸು, ಬಾಳೆ ಅಂತೂ ಬೇಡವೇ ಬೇಡ, ಆನೆಗೆ ಊಟದ ಎಲೆ ಹಾಕಿ ಕರೆದ ಹಾಗೆ. ಹೊಸದಾಗಿ ಯಾರಾದರೂ “ತುಂಬಾ ಬೇಗ ಹಬ್ಬುತ್ತದೆ, ನೀರೇ ಬೇಡ, ದನವೂ ಮುಟ್ಟುವುದಿಲ್ಲ” ಅಂತ ಒಂದು ಗಿಡ ತಂದುಕೊಟ್ಟರೆ ಹುಷಾರು. ಮೇಲಿನ ಪತ್ರದ ಲಂಟಾನ ಇದೆಯಲ್ಲ, ಅದನ್ನೂ ಎರಡು ಶತಮಾನದ ಹಿಂದೆ ಬ್ರಿಟಿಷರು ಅಂದದ ಹೂವಿನ ಗಿಡ ಅಂತಲೇ ಭಾರತಕ್ಕೆ ತಂದದ್ದು.

ಕುಶಾಲನಗರದಲ್ಲಿ ನಾವು ಹದಿನೈದು ಜನ ಎರಡು ವರ್ಷದಿಂದ ಕಾವೇರಿ ದಡದಲ್ಲಿ ಕಸ ಹೆಕ್ಕುತ್ತಿದ್ದೇವೆ. ಪ್ರತಿ ವಾರ ಹತ್ತಿಪ್ಪತ್ತು ಚೀಲ. ಮುಂದಿನ ವಾರ ಮತ್ತೆ ಅಷ್ಟೇ. ಯಾರೋ ಸಂಬಳ ತೆಗೆದುಕೊಂಡು ಮಾಡಬೇಕಾದ ಕೆಲಸವನ್ನು ನಾವು ಬಿಟ್ಟಿ ಮಾಡುತ್ತಿದ್ದೇವೆ ಅಂತ ಮನೆಯಲ್ಲಿ ಬೈಯುತ್ತಾರೆ. ಹೌದಾ?

ಅರ್ಧ ಹೌದು. ಅದಕ್ಕೇ ಈ ಪತ್ರಕ್ಕೆ ಎರಡು ದಿನ ಉತ್ತರ ಬರೆಯಲು ಆಗಲಿಲ್ಲ.

ಹೆಕ್ಕುವುದರ ಜೊತೆಗೆ ಲೆಕ್ಕ ಬರೆಯಿರಿ. ಹತ್ತಿಪ್ಪತ್ತು ಚೀಲ ಅಂದಿರಿ, ಒಳಗೆ ಏನಿತ್ತು? ಒಂದು ಭಾನುವಾರ ಚೀಲ ಕಟ್ಟುವ ಮೊದಲು ಟಾರ್ಪಾಲಿನ ಮೇಲೆ ಸುರಿದು ಬೇರೆ ಮಾಡಿ. ನೀರಿನ ಬಾಟಲಿ ಎಷ್ಟು, ಪೂಜೆಯ ಹೂವು, ಹಳೇ ಬಟ್ಟೆ, ದೇವರ ಫೋಟೋ ಎಷ್ಟು, ಕೋಳಿ ಅಂಗಡಿಯ ಕಸ ಎಷ್ಟು, ಊಟದ ತಟ್ಟೆ ಎಷ್ಟು. ಒಂದೊಂದಕ್ಕೂ ಒಂದೊಂದು ಬಾಗಿಲು ಇದೆ. ಬಾಟಲಿ ಪ್ರವಾಸಿಗರದ್ದಾದರೆ ಗಾಡಿ ನಿಲ್ಲಿಸುವ ಜಾಗದಲ್ಲಿ ಡಬ್ಬ ಬೇಕು, ಹೊಳೆ ದಡದಲ್ಲಲ್ಲ. ಬಟ್ಟೆ, ಹೂವು ಭಕ್ತರದ್ದಾದರೆ ಪೂಜೆ ಮಾಡಿಸುವ ಭಟ್ಟರ ಹತ್ತಿರ ಮಾತಾಡಬೇಕು. ನೀವು ಹೇಳಿದರೆ ಕೇಳದವರು ಅವರು ಹೇಳಿದರೆ ಕೇಳುತ್ತಾರೆ. ಅಂಗಡಿಯದ್ದಾದರೆ ಅದು ಪುರಸಭೆಯ ಕೆಲಸವೇ, ಅಲ್ಲಿ ನಿಮ್ಮ ಗ್ಲೌಸ್ ಬಿಚ್ಚಿಟ್ಟು ಅರ್ಜಿ ಬರೆಯಬೇಕು. ಬೀದಿಗೆ, ಚರಂಡಿಗೆ, ನೀರಿಗೆ ಕಸ ಎಸೆಯುವುದನ್ನು, ಸುಡುವುದನ್ನು ಘನತ್ಯಾಜ್ಯ ನಿಯಮದಲ್ಲೇ ಬೇಡ ಅಂದಿದ್ದಾರೆ. ಎಂಟು ವಾರದ ಲೆಕ್ಕ ಕೈಯಲ್ಲಿದ್ದರೆ ಕಚೇರಿಯಲ್ಲಿ ಕುರ್ಚಿ ಕೊಟ್ಟು ಕೂರಿಸುತ್ತಾರೆ. “ತುಂಬಾ ಕಸ ಸಾರ್” ಅಂದರೆ ನೋಡೋಣ ಅಂತಾರೆ.

ಮುಂಬೈನ ವರ್ಸೋವಾ ಕಡಲ ದಡದಲ್ಲಿ ವಕೀಲ ಅಫ್ರೋಜ್ ಷಾ 2015ರ ಅಕ್ಟೋಬರಿನಲ್ಲಿ ಕಸ ಹೆಕ್ಕಲು ಶುರು ಮಾಡಿದಾಗ ಜೊತೆಗಿದ್ದದ್ದು ಪಕ್ಕದ ಮನೆಯ ಹಿರಿಯರೊಬ್ಬರು ಮಾತ್ರ. ಆಮೇಲೆ ವಾರ ವಾರ ಜನ ಸೇರಿದರು, 2016ರಲ್ಲಿ ವಿಶ್ವಸಂಸ್ಥೆಯ ಪ್ರಶಸ್ತಿಯೂ ಬಂತು. ಇಷ್ಟಾದ ಮೇಲೂ ಆ ದಡಕ್ಕೆ ಕಸ ಬರುವುದು ನಿಂತಿಲ್ಲ. ಕಡಲು ಹೊತ್ತು ತರುತ್ತದೆ. ನಿಮ್ಮದು ಅದಕ್ಕಿಂತ ಸುಲಭ. ಕಾವೇರಿ ನಿಮ್ಮ ಊರಿಗೆ ಬರುವಾಗ ಹುಟ್ಟಿ ಇನ್ನೂ ಹೆಚ್ಚು ದೂರ ಬಂದಿರುವುದಿಲ್ಲ. ಕಸದ ಮೂಲ ಯಾವುದು ಅಂತ ಹೊಳೆಯ ಮೇಲಕ್ಕೆ ನಡೆದುಕೊಂಡೇ ಹೋಗಿ ನೋಡಬಹುದು.

ಪೌರಕಾರ್ಮಿಕರ ವಿಷಯ. ನಿಮ್ಮ ಇಪ್ಪತ್ತು ಚೀಲವನ್ನು ಸೋಮವಾರ ಎತ್ತುವವರು ಅವರೇ ಅಲ್ವಾ? ಅವರನ್ನು ಕೇಳದೆ ಚೀಲ ಕಟ್ಟಿ ರಸ್ತೆ ಬದಿಗಿಟ್ಟು ಫೋಟೋ ತೆಗೆದು ಹೋದರೆ ನೀವು ಮಾಡಿದ್ದು ಅವರ ಕೆಲಸ ಹೆಚ್ಚಿಸಿದ್ದಷ್ಟೇ. ಗಾಡಿ ಯಾವ ದಿನ ಖಾಲಿ ಇರುತ್ತದೆ ಅಂತ ಮೊದಲೇ ಕೇಳಿ. ಗಾಜು ಬೇರೆ ಚೀಲದಲ್ಲಿರಲಿ. ಮಳೆಗಾಲದಲ್ಲಿ ಕಾಲಿನಲ್ಲಿ ಗಾಯ ಇದ್ದವರು ನೀರಿಗೆ ಇಳಿಯಬೇಡಿ, ಇಲಿ ಜ್ವರ ಬಂದರೆ ತಮಾಷೆ ಅಲ್ಲ.

ಬಿಟ್ಟಿ ಕೆಲಸ ಅಂತ ಬೈಯುವವರನ್ನು ಒಂದು ಭಾನುವಾರ ಲೆಕ್ಕ ಬರೆಯಲು ಕರೆದುಕೊಂಡು ಹೋಗಿ. ನಮ್ಮ ಮನೆಯವರು ಹಾಗೆ ಬಂದವರೇ. ಈಗಲೂ ಬೈಯುತ್ತಾರೆ, ಆದರೆ ಗೋಣಿಚೀಲ ಮಡಚಿ ಗಾಡಿಗೆ ಹಾಕಿ ಕಾಯುತ್ತಾ ನಿಂತಿರುತ್ತಾರೆ.

ನಮ್ಮೂರ ಕಲ್ಲಿನ ಹಳೇ ಬಾವಿಗೆ ಬಣ್ಣ ಬಳಿದು, ಪಕ್ಕದ ದೇವರಕಾಡಿನ ಅಂಚಿನಲ್ಲಿ ಬೆಂಚು ಹಾಕಿ ಪಾರ್ಕ್ ತರ ಮಾಡುವ ಯೋಚನೆ ಇದೆ. ಸಲಹೆ ಕೊಡಿ.

ಮಾಡಬೇಡಿ. ಕಲ್ಲಿಗೆ ಬಣ್ಣ ಬಳಿದರೆ ತೆಗೆಯುವುದು ಬಳಿಯುವುದಕ್ಕಿಂತ ಹತ್ತು ಪಟ್ಟು ಕಷ್ಟ. ಬಾವಿಯ ಸುತ್ತ ಬೆಳೆದ ಗಿಡ ಕೀಳಿ, ಬಿದ್ದ ಕಲ್ಲು ಅಲ್ಲೇ ಜೋಡಿಸಿಡಿ, ಮೇಲೊಂದು ಜಾಲರಿ ಹಾಕಿಸಿ, ಸಾಕು. ಪುರಾತತ್ವ ಇಲಾಖೆಯ ಬೋರ್ಡ್ ಇರುವ ಜಾಗವಾದರೆ ಅವರನ್ನು ಕೇಳದೆ ಪಾಚಿ ಕೂಡ ಕೆರೆಯಬೇಡಿ. ಕೇಂದ್ರದ ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2010ರ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ದೇವರಕಾಡಿಗೆ ಬೆಂಚು ಯಾಕೆ? 1200ಕ್ಕೂ ಹೆಚ್ಚು ದೇವರಕಾಡು ನಮ್ಮ ಜಿಲ್ಲೆಯಲ್ಲಿ ಉಳಿದಿರುವುದು ಅಲ್ಲಿಗೆ ಯಾರೂ ಕತ್ತಿ ತೆಗೆದುಕೊಂಡು ಹೋಗಲಿಲ್ಲ ಅಂತ. ಬೆಂಚು ಹಾಕಿದ ಮರುದಿನ ಚಿಪ್ಸ್ ಪ್ಯಾಕೆಟ್ ಬರುತ್ತದೆ. ಅಂಚಿನಲ್ಲಿ ಬಿದ್ದಿರುವ ಪ್ಲಾಸ್ಟಿಕ್ ಮಾತ್ರ ಹೆಕ್ಕಿ ತನ್ನಿ.

ಬೀದಿಯಲ್ಲಿ ಇಟ್ಟ ಹೂಕುಂಡಗಳನ್ನು ಕದ್ದೊಯ್ಯುತ್ತಾರೆ. ಏನು ಮಾಡೋದು?

ಕುಂಡ ಇಡಬೇಡಿ, ನೆಲಕ್ಕೇ ನೆಡಿ. ನೆಲ ಇಲ್ಲದಿದ್ದರೆ ತಳ ತೂತು ಮಾಡಿದ ಹಳೇ ಎಣ್ಣೆ ಟಿನ್ನು, ಅದರ ಅಡಿಗೆ ಎರಡು ದೊಡ್ಡ ಕಲ್ಲು. ನಮ್ಮ ಬೀದಿಯಲ್ಲಿ ಹೋಗುತ್ತಿದ್ದದ್ದು ಹೈಡ್ರೇಂಜಿಯಾ. ನಮ್ಮ ಹುಳಿ ಮಣ್ಣಿಗೆ ಅದು ನೀಲಿಯಾಗಿ ಹೂ ಬಿಡುತ್ತದೆ, ನೋಡಿದವರಿಗೆ ಆಸೆ ಆಗುವುದು ಸಹಜ. ಕೊನೆಗೆ ಒಂದು ರಟ್ಟಿನ ಮೇಲೆ ‘ಗೆಲ್ಲು ಬೇಕಾದವರು ಎದುರು ಮನೆಯಲ್ಲಿ ಕೇಳಿ, ಸುಮ್ನೆ ಕೊಡುತ್ತೇವೆ’ ಅಂತ ಬರೆದು ನೇತುಹಾಕಿದೆವು. ಮೂರು ಜನ ಬಂದು ಕೇಳಿ ತೆಗೆದುಕೊಂಡು ಹೋದರು. ನಾಲ್ಕನೆಯವರು ಯಾರೋ, ರಟ್ಟಿನ ಸಮೇತ ಕುಂಡವನ್ನೇ ತೆಗೆದುಕೊಂಡು ಹೋದರು.